ಶಿವಮೊಗ್ಗ ಸುತ್ತಿ ಬರುವ ಮಾತು: ಒಂದು ಪ್ರಕರಣ

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಈ ಪ್ರಕರಣದ ಮಹಿಳೆಯನ್ನು ಟೀಚರ್ ಅಂತಲೇ ಕರೆಯುತ್ತೇನೆ. ವಯಸ್ಸು 39. ಶಿವಮೊಗ್ಗದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕೆಲಸ. ಗಂಡ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. 11 ವರ್ಷದ ಮಗ, ಜೊತೆಗೆ ಅತ್ತೆ. ತವರು ತೀರ್ಥಹಳ್ಳಿಯಿಂದ ಇನ್ನೂ ಸ್ವಲ್ಪ ಒಳಗೆ. ಗುರುತು ಸಿಗಬಾರದೆಂದು ಊರು, ಉದ್ಯೋಗ, ಕೆಲವು ಘಟನೆಗಳನ್ನು ಬದಲಿಸಿದ್ದೇನೆ. ಇಂಥದ್ದೇ ಬೇರೆ ಮನೆಗಳ ವಿವರವೂ ಇದರಲ್ಲಿ ಬೆರೆತಿದೆ. ಚಿಕಿತ್ಸೆಗೆ ಬಂದವರ ಗುಟ್ಟು ಕಾಪಾಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರ ಹಕ್ಕು. ಕಾಯ್ದೆ ಇಲ್ಲದಿದ್ದರೂ ನಮ್ಮಂಥ ಊರಲ್ಲಿ ಬೇರೆ ದಾರಿಯಿಲ್ಲ. ಇಲ್ಲಿ ಎಲ್ಲರಿಗೂ ಎಲ್ಲರ ಷಡ್ಡಕ ಗೊತ್ತು.

ಬಂದದ್ದು ಹೊಟ್ಟೆಯುರಿಗೆ

ಎರಡು ವರ್ಷದಿಂದ ಎದೆಯುರಿ, ಹುಳಿತೇಗು. ಬೆಳಿಗ್ಗೆ ಖಾಲಿ ಹೊಟ್ಟೆಗೊಂದು ಮಾತ್ರೆ, ಬ್ಯಾಗಿನಲ್ಲಿ ಯಾವಾಗಲೂ ಇನ್ನೊಂದು ಪಟ್ಟಿ. ಎಂಡೋಸ್ಕೋಪಿ ಮಾಡಿಸಿದ್ದರು, ಏನೂ ಸಿಕ್ಕಿರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಕೊನೆಗೆ ಹೊಟ್ಟೆ ಡಾಕ್ಟರೇ ಕೌನ್ಸೆಲಿಂಗ್‌ಗೆ ಕಳಿಸಿದರು. ನಮ್ಮ ಕಡೆ ಮನಸ್ಸಿನ ತೊಂದರೆ ಹೊಟ್ಟೆ, ತಲೆ, ಸೊಂಟದ ನೆಪದಲ್ಲಿ ಬರುವುದೇ ಜಾಸ್ತಿ. ಮನೋವೈದ್ಯ ಡಾ. ಅಶೋಕ್ ಪೈ ಅವರಂಥವರು ವರ್ಷಗಟ್ಟಲೆ ಕನ್ನಡದಲ್ಲಿ ಬರೆದು, ಮಾತಾಡಿ ಶಿವಮೊಗ್ಗದಲ್ಲಿ ಈ ಸಂಕೋಚ ಎಷ್ಟೋ ಕಡಿಮೆ ಮಾಡಿದ್ದಾರೆ. ಆದರೂ ಹೊಟ್ಟೆಯ ಚೀಟಿ ಕೈಯಲ್ಲಿದ್ದರೆ ಮೆಟ್ಟಿಲು ಹತ್ತುವುದು ಸುಲಭ.

ಮೊದಲ ಭೇಟಿಯಲ್ಲಿ ಕೂರುವ ಮೊದಲೇ ನನ್ನನ್ನು ಕೇಳಿದರು: "ಊಟ ಆಯ್ತಾ ಮೇಡಂ? ನನ್ನಿಂದ ಲೇಟಾಯ್ತೇನೋ." ನನಗೆ ಆವತ್ತು ನಿಜಕ್ಕೂ ಊಟ ಆಗಿರಲಿಲ್ಲ. ಅದು ಅವರಿಗೆ ಮುಖ ನೋಡಿಯೇ ತಿಳಿದಿತ್ತು.

ಮಾತು ಶುರುವಾದ ಮೇಲೆ ಇನ್ನೊಂದು ಗಮನಕ್ಕೆ ಬಂತು. ನಿಮಗೆ ಏನನ್ನಿಸುತ್ತೆ ಅಂತ ಕೇಳಿದರೆ "ನಮ್ಮನೆಯವ್ರಿಗೆ ಇದೆಲ್ಲ ಇಷ್ಟ ಇಲ್ಲ" ಅನ್ನುವುದು. ನಿಮಗೇ ಅಂತ ಒತ್ತಿ ಕೇಳಿದರೆ "ಅತ್ತೆಗೂ ಪಾಪ ವಯಸ್ಸಾಯ್ತು" ಅನ್ನುವುದು. ಒಂದು ಗಂಟೆಯಲ್ಲಿ ಗಂಡ, ಅತ್ತೆ, ಹೆಡ್‌ಮಾಸ್ಟರು, ಅಪ್ಪಯ್ಯ, ಅಮ್ಮ, ತಮ್ಮ ಎಲ್ಲರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಾಯಿತು. ಟೀಚರ್ ಮನಸ್ಸಿನಲ್ಲಿ ಏನಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

ನಿದ್ದೆ ಕೆಟ್ಟ ನಿಜವಾದ ಕಾರಣ ಕೆಲವು ವಾರದ ನಂತರ ಬಾಯಿಗೆ ಬಂತು. ಒಂದು ರಾತ್ರಿ ಗಂಡ ತಡವಾಗಿ ಬಂದಿದ್ದರು. ಟೀಚರ್‌ಗೆ ಸಿಟ್ಟು. ಮೂರು ಅಡಿ ದೂರದಲ್ಲಿ ಗಂಡ ಶರ್ಟು ಬಿಚ್ಚುತ್ತಿರುವಾಗ ಮಗನಿಗೆ ಹೇಳಿದರು: "ನಿಮ್ಮಪ್ಪಂಗೆ ಹೇಳು, ಊಟ ಮುಚ್ಚಿಟ್ಟಿದೆ ಅಂತ." ಹುಡುಗ ಒಮ್ಮೆ ಅಮ್ಮನ ಮುಖ ನೋಡಿದ, ಒಮ್ಮೆ ಅಪ್ಪನ ಮುಖ ನೋಡಿದ. ಆಮೇಲೆ ಹೋಗಿ ಹೇಳಿದ್ದು ಹೀಗೆ: "ಅಪ್ಪಾ, ಅಮ್ಮ ಊಟಕ್ಕೆ ಕರೀತಿದಾಳೆ. ಬಿಸಿ ಮಾಡಿಕೊಡ್ತಾಳಂತೆ."

"ಬಿಸಿ ಮಾಡ್ತೀನಿ ಅಂತ ನಾನು ಹೇಳೇ ಇರ್ಲಿಲ್ಲ ಮೇಡಂ. ಅವನೇ ಸೇರಿಸಿಕೊಂಡ. ಅದು ನಾನು ಮಾಡ್ತಿದ್ದ ಕೆಲಸ. ಅವನಿಗೆ ಯಾರು ಕಲಿಸಿದ್ರು?"

ತವರು ಮನೆ

ಟೀಚರ್ ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ, ಅಮ್ಮ ಮಾತು ಬಿಟ್ಟರು. ಇವತ್ತಿಗೂ ಬಿಟ್ಟೇ ಇದ್ದಾರೆ. ಮನೆ ಒಂದೇ, ಒಲೆ ಒಂದೇ, ತೋಟ ಒಂದೇ. ಹಬ್ಬದ ದಿನ ಪೂಜೆಗೆ ಪಕ್ಕದಲ್ಲೇ ಕೂರುತ್ತಾರೆ. ಮಾತು ಮಾತ್ರ ಇಲ್ಲ. ಮಲೆನಾಡಿನ ಒಂಟಿಮನೆಗಳನ್ನು ಬಲ್ಲವರಿಗೆ ಇದು ಅಂಥ ಅಪರೂಪದ ಸಂಗತಿಯಲ್ಲ. ಪಕ್ಕದ ಮನೆ ಅಂದರೆ ಒಂದು ಗುಡ್ಡ ದಾಟಬೇಕು. ನಡುವೆ ಬಂದು ರಾಜಿ ಮಾಡಿಸಲು ಯಾರೂ ಸುಲಭಕ್ಕೆ ಸಿಗುವುದಿಲ್ಲ. ಇರುವುದು ಮಕ್ಕಳು.

ಅಡಿಕೆ ಕೊಯ್ಲಿನ ದಿನಗಳನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು. ಮರ ಹತ್ತುವ ಕೊನೆಗಾರ ಹಗಲು ಅಡಿಕೆ ಗೊನೆ ಇಳಿಸಿ ಹೋಗುತ್ತಾನೆ. ರಾತ್ರಿ ಸುಲಿಯುವವರು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುತ್ತಿರುತ್ತದೆ, ಅಪ್ಪಯ್ಯ ಅಲ್ಲಿ. ಅಮ್ಮ ಅಡಿಗೆಮನೆಯಲ್ಲಿ. ಜಗಳ ಇದೆ ಅಂತ ಅಡಿಕೆ ಕಾಯುವುದಿಲ್ಲ. ಸುಲಿದದ್ದನ್ನು ಆವತ್ತೇ ಬೇಯಿಸಬೇಕು, ಕೆಲಸದವರಿಗೆ ಹೊತ್ತಿಗೆ ಸರಿಯಾಗಿ ಅನ್ನ ಹಾಕಬೇಕು. ಎಂಟು ವರ್ಷದ ಹುಡುಗಿ ಒಳಗೂ ಹೊರಗೂ ಓಡಾಡುತ್ತಿದ್ದಳು.

"ಎಷ್ಟು ಜನಕ್ಕೆ ಅನ್ನ ಇಡ್ಬೇಕು ಅಂತ ಕೇಳು. ನಿನ್ನೆ ಹಾಗೆ ಕೊನೇ ಗಳಿಗೆಯಲ್ಲಿ ನಾಲ್ಕು ಜನ ಕರ್ಕೊಂಡು ಬಂದ್ರೆ ನಾನೇನು ಮಾಯ ಮಾಡ್ಲಾ ಅಂತ್ಲೂ ಕೇಳು" ಅನ್ನುತ್ತಿದ್ದರು ಅಮ್ಮ. ಹಂಡೆಯ ಹತ್ತಿರ ಬರುವಷ್ಟರಲ್ಲಿ ಅದು "ಅಪ್ಪಯ್ಯ, ಎಷ್ಟು ಜನ ಊಟಕ್ಕೆ?" ಅಂತ ಆಗಿರುತ್ತಿತ್ತು. ಅಪ್ಪಯ್ಯ "ಇದ್ದಷ್ಟು ಜನಕ್ಕೆ ಇಡಲಿ, ಅವಳಿಗೆ ಯಾವತ್ತೂ ಇದೇ" ಅನ್ನುತ್ತಿದ್ದರು. ಅಡಿಗೆಮನೆಗೆ ಹೋಗುವ ಹೊತ್ತಿಗೆ ಅದು "ಹದಿನೈದು ಜನ ಅಂತೆ ಅಮ್ಮ" ಆಗುತ್ತಿತ್ತು. ಕತ್ತಿ ಹಾಕಿಕೊಂಡು ಕೂತವರನ್ನು ಹುಡುಗಿಯೇ ಎಣಿಸಿಕೊಂಡು ಹೋಗಿರುತ್ತಿದ್ದಳು.

ಇದನ್ನು ಹೇಳುವಾಗ ಟೀಚರ್ ಅಳಲಿಲ್ಲ, ನಕ್ಕರು. ಅವರಿಗೆ ಅದರಲ್ಲಿ ಹೆಮ್ಮೆಯಿತ್ತು. "ಈ ಹುಡುಗಿ ಇಲ್ದಿದ್ರೆ ಈ ಮನೆ ಎಂದೋ ಎರಡಾಗ್ತಿತ್ತು" ಅಂತ ಸುಲಿಯಲು ಬಂದವರು ಹೇಳುತ್ತಿದ್ದರಂತೆ. ಈ ಹೆಮ್ಮೆಯನ್ನು ಚಿಕಿತ್ಸೆಯಲ್ಲಿ ಕಡೆಗಣಿಸಬಾರದು ಅಂತ ನನ್ನ ಅಭಿಪ್ರಾಯ. ಮಗು ದೊಡ್ಡವರ ಕೆಲಸ ಹೊರುವುದರ ಬಗ್ಗೆ 1973ರಲ್ಲಿ ಕುಟುಂಬ ಚಿಕಿತ್ಸಕರಾದ ಇವಾನ್ ಬೊಸೊರ್ಮೆನಿ ನಾಗಿ ಮತ್ತು ಜೆರಾಲ್ಡಿನ್ ಸ್ಪಾರ್ಕ್ ವಿವರವಾಗಿ ಬರೆದರು. ಅವರೂ ಅದನ್ನು ಪೂರ್ತಿ ಕೆಟ್ಟದ್ದು ಅನ್ನಲಿಲ್ಲ. ಹೊರೆ ಮಗುವಿನ ಅಳತೆ ಮೀರಿದಾಗ, ಹೊತ್ತದ್ದನ್ನು ಯಾರೂ ಗುರುತಿಸದಿದ್ದಾಗ ಅದು ಗಾಯವಾಗುತ್ತದೆ. ಇಲ್ಲಿ ಹೊರಗಿನವರು ಗುರುತಿಸಿದ್ದರು. ಅಪ್ಪಯ್ಯ, ಅಮ್ಮ ಗುರುತಿಸಿರಲಿಲ್ಲ. ಗುರುತಿಸಬೇಕಾದರೆ ತಾವು ಮಾತು ಬಿಟ್ಟಿದ್ದೇವೆ ಅಂತ ಒಪ್ಪಬೇಕಿತ್ತಲ್ಲ.

ಈಗ ಅಪ್ಪಯ್ಯನಿಗೆ 74, ಅಮ್ಮನಿಗೆ 66. ಅಮ್ಮನ ಕೈಯಲ್ಲಿ ಮೊಬೈಲಿದೆ. ಅಂಗಳದ ತುದಿಗೆ, ದನದ ಕೊಟ್ಟಿಗೆಯ ಪಕ್ಕ ಹೋಗಿ ನಿಂತರೆ ಸಿಗ್ನಲ್ ಸಿಗುತ್ತದೆ. ಅಲ್ಲಿಂದ ಮಗಳಿಗೆ ಫೋನು: "ಬಿಪಿ ಮಾತ್ರೆ ತಗೊಂಡಿಲ್ಲ, ಹೇಳು." ಟೀಚರ್ ಶಾಲೆಯಿಂದ ಮನೆಯ ಲ್ಯಾಂಡ್‌ಲೈನಿಗೆ ಮಾಡಿ "ಅಪ್ಪಯ್ಯ, ಮಾತ್ರೆ ತಗೊಂಡ್ರಾ?" ಅನ್ನಬೇಕು. ಜಗಲಿಗೂ ಕೊಟ್ಟಿಗೆಗೂ ನಡುವೆ ಇರುವುದು ಅಂಗಳ ಮಾತ್ರ. ಮಾತು ಅರವತ್ತು ಚಿಲ್ಲರೆ ಕಿಲೋಮೀಟರ್ ಶಿವಮೊಗ್ಗಕ್ಕೆ ಬಂದು, ಮತ್ತೆ ಅಷ್ಟೇ ದೂರ ವಾಪಸ್ ಹೋಗುತ್ತದೆ.

ಶಾಲೆಯಲ್ಲೂ ಅದೇ. ಹೆಡ್‌ಮಾಸ್ಟರಿಗೆ ಏನಾದರೂ ಹೇಳಬೇಕಾದರೆ ಉಳಿದ ಶಿಕ್ಷಕರು ಇವರ ಹತ್ತಿರ ಬರುತ್ತಾರೆ. ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರೂ ಅಷ್ಟೆ. ಗಂಡನಿಗೂ ಮೈದುನನಿಗೂ ಸೈಟಿನ ವಿಷಯದಲ್ಲಿ ಮನಸ್ತಾಪ ಬಂದಾಗ ಎರಡೂ ಕಡೆಯ ಫೋನು ಇವರಿಗೇ. ಯಾರೂ ಇವರನ್ನು ಕಟ್ಟಿಹಾಕಿ ಈ ಕೆಲಸ ಮಾಡಿಸುತ್ತಿರಲಿಲ್ಲ. ಇಬ್ಬರು ಸಿಟ್ಟಾಗಿರುವುದು ಕಂಡರೆ ಟೀಚರ್ ತಾವೇ ಎದ್ದು ನಡುವೆ ಹೋಗಿ ನಿಲ್ಲುತ್ತಿದ್ದರು.

ಗೆರೆಗಳು

ಮನೆತನದ ನಕ್ಷೆ ಬರೆಸಿದೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಒಳಗೆ ವಯಸ್ಸು. ಜಗಳಕ್ಕೆ ಅಂಕುಡೊಂಕು ಗೆರೆ, ಮಾತು ಬಿಟ್ಟಿದ್ದಕ್ಕೆ ತುಂಡಾದ ಗೆರೆ. ಯಾರ ವಿಷಯ ಯಾರ ಮೂಲಕ ಯಾರಿಗೆ ಹೋಗುತ್ತದೆ ಅಂತಲೂ ಗೆರೆ ಎಳೆಯಲು ಹೇಳಿದೆ. ಎಲ್ಲ ಗೆರೆಯೂ ಒಂದೇ ವೃತ್ತದೊಳಗಿಂದ ಹಾದುಹೋಗಿ, ಆ ವೃತ್ತದಲ್ಲಿ 39 ಅಂತ ಬರೆಯಲು ಜಾಗವೇ ಉಳಿಯಲಿಲ್ಲ.

ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಮೂರನೆಯವರನ್ನು ಒಳಗೆಳೆದುಕೊಂಡು ಸಮಾಧಾನವಾಗುವುದು ಕುಟುಂಬಗಳ ಸಾಮಾನ್ಯ ಉಪಾಯ. ಇದಕ್ಕೆ ತ್ರಿಕೋನ ಅಂತ ಹೆಸರು ಕೊಟ್ಟವರು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್. 1950ರ ದಶಕದಲ್ಲಿ ಅವರು ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇದ್ದವರ ಜೊತೆಗೆ ಅವರ ಅಪ್ಪ ಅಮ್ಮನನ್ನೂ ವಾರ್ಡಿನಲ್ಲೇ ಇರಿಸಿಕೊಂಡು ಗಮನಿಸಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡಿದ್ದರು. ಮನೆಯವರನ್ನು ಬಿಟ್ಟು ಮನಸ್ಸಿಗೆ ಚಿಕಿತ್ಸೆ ಇಲ್ಲ ಅನ್ನುವುದು ನಮ್ಮವರಿಗೇನೂ ಹೊಸದಲ್ಲ.

ಬೋವೆನ್ ವಿಷಯದಲ್ಲಿ ನನಗೆ ಇಷ್ಟವಾಗುವುದು ಇನ್ನೊಂದು. 1967ರಲ್ಲಿ ವೃತ್ತಿಯವರ ಸಭೆಯೊಂದರಲ್ಲಿ ಅವರು ತಮ್ಮ ಸ್ವಂತ ಮನೆಯ ತ್ರಿಕೋನಗಳ ಕಥೆಯನ್ನೇ ಹೇಳಿದರು, ಅದರಿಂದ ಹೊರಬರಲು ತಾವು ಪಟ್ಟ ಪಾಡು ಸಮೇತ. 1972ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರಿರಲಿಲ್ಲ. ಅಷ್ಟು ದೊಡ್ಡ ಮನುಷ್ಯನಿಗೂ ಮನೆಯ ವಿಷಯ ಹೊರಗೆ ಹೇಳಲು ಹಿಂಜರಿಕೆ!

ನಕ್ಷೆಗೆ ಮಾಹಿತಿ ಬೇಕು ಅನ್ನುವ ನೆಪದಲ್ಲಿ ಟೀಚರ್ ಅಮ್ಮನನ್ನು ಮೊದಲ ಸಲ ಕೇಳಿದರು: ಮಾತು ಬಿಟ್ಟಿದ್ದು ಯಾಕೆ? ಒಂದು ಮಳೆಗಾಲ ತೋಟಕ್ಕೆ ಕೊಳೆರೋಗ ಬಂದಿತ್ತಂತೆ. ಬೋರ್ಡೋ ದ್ರಾವಣ ಹೊಡೆದರೂ ಮಳೆ ಬಿಡುವು ಕೊಡದೆ ಫಸಲು ಉದುರಿತು. ಅಪ್ಪಯ್ಯ ಹೇಳದೆ ಕೇಳದೆ ಅಮ್ಮನ ಅವಲಕ್ಕಿ ಸರ ಅಡವಿಟ್ಟರು. ಬಿಡಿಸಲಾಗಲಿಲ್ಲ, ಹರಾಜಾಯಿತು. ನೆಂಟರ ಮದುವೆಯೊಂದರಲ್ಲಿ ಬೋಳು ಕುತ್ತಿಗೆ ನೋಡಿ ಯಾರೋ ಕೇಳಿದ್ದಕ್ಕೆ ಅಮ್ಮ ಹತ್ತು ಜನರೆದುರು ನಿಜ ಹೇಳಿಬಿಟ್ಟರು. ಆವತ್ತು ಮನೆಗೆ ಬಂದ ಅಪ್ಪಯ್ಯ ಬಾಯಿ ಮುಚ್ಚಿದವರು ತೆರೆಯಲಿಲ್ಲ.

ಅಮ್ಮನ ತವರಿನ ಕಡೆ ಇನ್ನೊಂದು ಎಳೆ ಸಿಕ್ಕಿತು. ಅವರದು ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಸಾವಿರಾರು ಕುಟುಂಬಗಳು ಮನೆ, ತೋಟ ಬಿಟ್ಟು ಎದ್ದವು. ಅಮ್ಮ ಆಗ ಚಿಕ್ಕ ಮಗು. ಅಜ್ಜ ಹೊಸ ಜಾಗಕ್ಕೆ ಬಂದ ಮೇಲೆ ಹಳೇ ಊರಿನ ಸುದ್ದಿ ಎತ್ತಿದವರಲ್ಲ, ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದರಂತೆ. ನೋವಾದರೆ ಮಾತು ನಿಲ್ಲಿಸುವುದನ್ನು ಅಮ್ಮ ಅಲ್ಲಿಂದ ಕಲಿತಿರಬಹುದು. ಇಷ್ಟಕ್ಕೆ ನಿಲ್ಲಿಸುತ್ತೇನೆ. ಮೂರು ತಲೆಮಾರಿನ ಕಥೆಗೆಲ್ಲ ಒಂದು ಅಣೆಕಟ್ಟನ್ನು ಹೊಣೆ ಮಾಡುವುದು ಕೇಳಲು ಚೆಂದ, ಚಿಕಿತ್ಸೆಗೆ ಉಪಯೋಗವಿಲ್ಲ. ಮುಳುಗಡೆಯಾಗಿ ಬಂದು ಬಾಯಿ ತುಂಬ ಮಾತಾಡುವ ಮನೆಗಳನ್ನೂ ನೋಡಿದ್ದೇನೆ.

ಈಚೆಗೆ ಅಪ್ಪ ಅಮ್ಮನನ್ನು ಟಾಕ್ಸಿಕ್ ಅಂತ ಒಂದೇ ಪದದಲ್ಲಿ ಮುಗಿಸುವ ರೂಢಿ ಬಂದಿದೆ. ನನಗದು ಹಿಡಿಸುವುದಿಲ್ಲ. ಆ ಊರಲ್ಲಿ, ಆ ಕಾಲದಲ್ಲಿ ಗಂಡ ಹೆಂಡತಿ ಬೇರೆಯಾಗುವುದು ಬಾಯಿಗೆ ಬರುವ ಮಾತಲ್ಲ. ಒಂದೇ ಸೂರಿನಡಿ ಉಳಿಯಲು ಅವರಿಬ್ಬರಿಗೂ ಗೊತ್ತಿದ್ದ ದಾರಿ ಅದೊಂದೇ. ಅದರ ಬಾಡಿಗೆಯನ್ನು ಮಗಳು ಕಟ್ಟಿದಳು ಅನ್ನುವುದೂ ಅಷ್ಟೇ ನಿಜ.

ನನ್ನ ಕೋಣೆಗೂ ಬಂತು

ಇಷ್ಟೆಲ್ಲ ಅರ್ಥವಾದರೂ ಹೊಟ್ಟೆಯುರಿ ಕಡಿಮೆಯಾಗಿರಲಿಲ್ಲ. ಟೀಚರ್ ಬುದ್ಧಿವಂತೆ, ನಕ್ಷೆಯನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಆದರೆ ಹಳೆಯ ರೂಢಿ ಹೇಳಿ ಮುಗಿಸುವಂಥದ್ದಲ್ಲ, ಅದು ನಡೆದು ತೋರಿಸುತ್ತದೆ. ಚಿಕ್ಕಂದಿನ ಸಂಬಂಧಗಳು ಚಿಕಿತ್ಸಕರ ಜೊತೆಗಿನ ಸಂಬಂಧದಲ್ಲಿ ಮರುಜೀವ ಪಡೆಯುವುದನ್ನು ಫ್ರಾಯ್ಡ್ 1912ರಲ್ಲೇ ವಿವರವಾಗಿ ಬರೆದಿದ್ದರು. ಓದುವಾಗ ಅದು ಸುಮ್ನೆ ಸಿದ್ಧಾಂತ ಅನ್ನಿಸುತ್ತದೆ. ನಮ್ಮ ಮೇಲೇ ಬಂದಾಗ ಬೆವರು ಬರುತ್ತದೆ.

ಒಂದು ದಿನ ಟೀಚರ್ ಜೊತೆ ಗಂಡ ಬಂದರು. ತಾವೊಬ್ಬರೇ ಮೊದಲು ಮಾತಾಡಬೇಕು ಅಂದರು. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತರು. ಮನುಷ್ಯ ಮರ್ಯಾದಸ್ಥ, ಸಿಟ್ಟನ್ನು ಹಲ್ಲು ಕಚ್ಚಿ ಹಿಡಿದಿದ್ದರು.

"ಮೇಡಮ್ರೇ, ನಮ್ಮ ತಾಯೀನ ಆರು ತಿಂಗಳು ತಮ್ಮನ ಮನೆಗೆ ಕಳಿಸ್ಬೇಕು ಅಂತ ನೀವು ಹೇಳಿದ್ರಂತೆ. ಕೌನ್ಸೆಲಿಂಗ್ ಅಂದ್ರೆ ಮನೆ ಒಡೆಯೋದಾ?"

ನಾನು ಹಾಗೆ ಹೇಳಿರಲಿಲ್ಲ. ಅತ್ತೆಯ ವಿಷಯವೇ ನಮ್ಮ ನಡುವೆ ಅಷ್ಟಾಗಿ ಬಂದಿರಲಿಲ್ಲ. ಅದಕ್ಕೂ ಹಿಂದಿನ ವಾರವಷ್ಟೇ ಟೀಚರ್ ನನಗೆ ಹೇಳಿದ್ದರು: "ನಮ್ಮನೆಯವ್ರು ನಿಮಗೆ ತುಂಬ ಥ್ಯಾಂಕ್ಸ್ ಹೇಳಿದಾರೆ ಮೇಡಂ." ಎರಡೂ ಕಡೆ ಹೋಗುವ ಮಾತಿಗೆ ಕತ್ತರಿ, ಹೊಲಿಗೆ ನಡೆಯುತ್ತಿತ್ತು. ಅಡಿಗೆಮನೆ ಗಂಡನ ಪಾಲಿಗೆ ಬಂದಿತ್ತು, ಹಂಡೆ ನನ್ನ ಪಾಲಿಗೆ.

"ಮೇಡಂ ಹೇಳಿದ್ದಾರೆ" ಅನ್ನುವುದಕ್ಕೆ ನಮ್ಮಲ್ಲಿ ತೂಕವೂ ಜಾಸ್ತಿ. ಭಾರತದಲ್ಲಿ ಚಿಕಿತ್ಸೆಗೆ ಬರುವವರು ಚಿಕಿತ್ಸಕರಲ್ಲಿ ಗುರುವನ್ನು ಕಾಣುವುದನ್ನು ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು-ಚೇಲಾ ಸಂಬಂಧದ ಬಗ್ಗೆ ಬರೆಯುತ್ತ ಚರ್ಚಿಸಿದ್ದರು. ಗುರುವಿನ ಮಾತು ಅಂದರೆ ಎದುರಾಡುವಂತಿಲ್ಲ. ತಮ್ಮ ಆಸೆಯನ್ನು ನೇರವಾಗಿ ಹೇಳಲು ಧೈರ್ಯವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಯಾವುದಿದೆ?

ನನ್ನೆದುರು ಎರಡು ಸುಲಭದ ದಾರಿ ಇದ್ದವು. ನಾನು ಹೇಳಿಲ್ಲ ಅಂತ ಗಂಡನಿಗೆ ಹೇಳಿಬಿಡುವುದು. ಆಗ ಹೆಂಡತಿ ಸುಳ್ಳಿ ಆಗುತ್ತಾರೆ, ನಾನು ಗಂಡನ ಕಡೆಯವಳಾಗುತ್ತೇನೆ. ಇಲ್ಲವೆ ವಿಷಯ ತೇಲಿಸಿ ಟೀಚರನ್ನು ಕಾಪಾಡುವುದು. ಆಗ ಮಾತು ತಿದ್ದಿ ದಾಟಿಸುವವಳು ನಾನಾಗುತ್ತೇನೆ. ಎರಡರಲ್ಲೂ ತ್ರಿಕೋನ ಗಟ್ಟಿಯಾಗುತ್ತದೆ. ಟೀಚರನ್ನು ಒಳಗೆ ಕರೆದೆ. ಇಬ್ಬರೂ ಕೇಳುವಂತೆ ಹೇಳಿದೆ: "ಅತ್ತೆಯವರನ್ನು ಆರು ತಿಂಗಳು ಕಳಿಸಬೇಕು ಅನ್ನೋ ಮಾತು ಇಲ್ಲಿಗೆ ಬಂದಿದೆ. ಅದು ಯಾರ ಮಾತು ಅಂತ ನೀವೇ ಹೇಳಿದರೆ ಒಳ್ಳೆಯದು. ತಪ್ಪು ಹುಡುಕೋಕೆ ಕೇಳ್ತಿಲ್ಲ."

ಟೀಚರ್ ತುಂಬ ಹೊತ್ತು ಸುಮ್ಮನಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಹೇಳಿದರು: "ನಂದು."

ಗಂಡ ತಿರುಗಿ ನೋಡಿದರು. "ನೀನೇ ಹೇಳ್ಬೋದಿತ್ತಲ್ಲ?"

"ಹೇಳಿದ್ಮೇಲೆ ನೀವು ಮಾತು ಬಿಟ್ರೆ?"

"ನಾನ್ಯಾಕೆ ಮಾತು ಬಿಡ್ಲಿ ಮಾರಾಯ್ತಿ? ಜಗಳ ಆಡ್ತೀನಿ ಅಷ್ಟೆ."

ಈ ಉತ್ತರ ಟೀಚರ್ ಲೆಕ್ಕದಲ್ಲೇ ಇರಲಿಲ್ಲ. ಅವರಿಗೆ ಗೊತ್ತಿದ್ದ ಪ್ರಕಾರ ಸಿಟ್ಟಿನ ಮುಂದಿನ ಮೆಟ್ಟಿಲು ಮೌನ, ಮೌನ ಬಂದರೆ ಅದು ಸಾಯುವ ತನಕ. ಜಗಳವಾಡಿ ಮರುದಿನ ಬೆಳಿಗ್ಗೆ ಕಾಫಿ ಕೇಳುವ ಗಂಡನ ಜೊತೆ ಹದಿಮೂರು ವರ್ಷ ಬಾಳಿದ್ದರು, ಆದರೂ ಒಳಗಿನ ಹುಡುಗಿ ಹಂಡೆಯ ಹತ್ತಿರವೇ ನಿಂತಿದ್ದಳು. ಆವತ್ತು ನಾನು ಹೆಚ್ಚೇನೂ ಹೇಳಲಿಲ್ಲ. ಅವರಿಬ್ಬರೂ ನನ್ನ ಕೋಣೆಯಲ್ಲಿ ಮನಸ್ಸು ಬಿಚ್ಚಿ ಜಗಳವಾಡಿದರು. ನೋಡಿ ನನಗೆ ಸಂತೋಷವಾಯಿತು.

ಅತ್ತೆಯ ವಿಷಯವನ್ನು ಆಮೇಲೆ ಅತ್ತೆಯ ಎದುರೇ ಮಾತಾಡಿದರಂತೆ. ಅವರಿಗೆ ಕಿರಿಯ ಮಗನ ಮನೆಗೆ ಹೋಗಿ ಮೊಮ್ಮಗಳ ಜೊತೆ ಇರಬೇಕು ಅಂತ ಎರಡು ವರ್ಷದಿಂದ ಆಸೆ. ದೊಡ್ಡ ಸೊಸೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಬಾಯಿ ಬಿಟ್ಟಿರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ, ಅಲ್ವಾ?

ಕೆಲಸ ಬಿಡುವುದು

ಮುಂದಿನ ತಿಂಗಳುಗಳ ಕೆಲಸ ನೋಡಲು ಸಣ್ಣದು. ಮೊದಲು ಮಗ. "ಇನ್ನು ಮೇಲೆ ನಾನೇ ಅಪ್ಪಂಗೆ ಹೇಳ್ತೀನಿ, ಅದು ನಿನ್ನ ಕೆಲಸ ಅಲ್ಲ" ಅಂತ ಅವನಿಗೆ ಹೇಳಿದರು. ಅವನು "ಸರಿ" ಅಂದು ಆಡಲು ಹೋದ. ಆಮೇಲೆ ಸ್ಟಾಫ್ ರೂಮು. ಅಲ್ಲಿ ಒಂದೇ ವಾಕ್ಯ ಅಭ್ಯಾಸ ಮಾಡಿಸಿದೆ: "ನೀವೇ ಹೇಳಿ ಸಾರ್, ಬೇಕಾದ್ರೆ ಜೊತೆಗೆ ಬರ್ತೀನಿ." ಖಾಲಿ ಕುರ್ಚಿಯ ಎದುರು ಇದನ್ನು ಹೇಳಲು ಅವರ ಬಾಯಿ ತೊದಲುತ್ತಿತ್ತು. ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ, ಕೆಲವು ತಿಂಗಳು ಮಾತ್ರೆ ನಡೆಯಿತು. ಮಾತ್ರೆ ಬರೆಯುವುದು ನನ್ನ ಕೆಲಸವಲ್ಲ. ಮಾತಿನಲ್ಲೇ ಎಲ್ಲ ಸರಿಯಾಗುತ್ತದೆ ಅನ್ನುವ ಹಟವೂ ನನಗಿಲ್ಲ.

ಅಮ್ಮನ ಫೋನು ಕೊನೆಗಿಟ್ಟಿದ್ದೆವು. ಅದಕ್ಕೂ ಮೊದಲು ಟೀಚರ್ ಒಂದು ನ್ಯಾಯವಾದ ಭಯ ಹೇಳಿದರು: "ನಾನು ಬಿಟ್ರೆ ಅಪ್ಪಯ್ಯ ಮಾತ್ರೆ ತಗೊಳ್ಳಲ್ಲ. ಏನಾದ್ರೂ ಆದ್ರೆ?" ಇದಕ್ಕೆ ಮನಶ್ಶಾಸ್ತ್ರದ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ವಾರದ ಏಳು ದಿನಕ್ಕೂ ಖಾನೆ ಇರುವ ಮಾತ್ರೆ ಡಬ್ಬಿ ತೀರ್ಥಹಳ್ಳಿಯಲ್ಲೇ ಸಿಕ್ಕಿತು. ಟೀಚರ್ ಹೋಗಿ ಅಪ್ಪಯ್ಯನ ಜೊತೆ ಕೂತು, ತಿಂಗಳ ಮಾತ್ರೆ ಹೇಗೆ ತುಂಬಿಸುವುದು ಅಂತ ತೋರಿಸಿ ಬಂದರು. ಅಪ್ಪಯ್ಯನಿಗೆ ಕಣ್ಣು ಚೆನ್ನಾಗಿದೆ, ಲೆಕ್ಕವೂ ಚೆನ್ನಾಗಿದೆ.

ಮುಂದಿನ ಫೋನಿಗೆ ಟೀಚರ್ ಹೇಳಿದರು: "ಅಮ್ಮ, ಅಪ್ಪಯ್ಯ ಅಲ್ಲೇ ಜಗಲೀಲಿ ಇದಾರಲ್ಲ, ನೀನೇ ಕೇಳು." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ನಿಂಗೂ ನಾವು ಬೇಡ ಆದ್ವಾ ಮಗಾ?" ಅಂದು ಫೋನಿಟ್ಟರು. ಆ ವಾರ ಹೊಟ್ಟೆಯುರಿ ಮೊದಲಿಗಿಂತ ಜಾಸ್ತಿಯಾಯಿತು. ಒಬ್ಬರು ಜಾಗ ಬದಲಿಸಿದರೆ ಉಳಿದವರು ಹಳೇ ಜಾಗಕ್ಕೆ ಎಳೆಯುತ್ತಾರೆ, ಎಳೆತ ಜೋರಾಗೇ ಇರುತ್ತದೆ ಅಂತ ಮೊದಲೇ ಹೇಳಿಟ್ಟಿದ್ದೆ. ಹೇಳಿಟ್ಟಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ, ಹೆದರಿಕೆ ಕಡಿಮೆಯಾಯಿತು. ಫೋನು ಮಾಡುವುದನ್ನು ಅವರು ನಿಲ್ಲಿಸಲಿಲ್ಲ. ಅಮ್ಮನ ಜೊತೆ ಅಮ್ಮನ ವಿಷಯ, ಅಪ್ಪಯ್ಯನ ಜೊತೆ ಅಪ್ಪಯ್ಯನ ವಿಷಯ, ದಿನವೂ. ಒಬ್ಬರ ಸುದ್ದಿ ಇನ್ನೊಬ್ಬರ ಹತ್ತಿರ ಇಲ್ಲ.

ಅಪ್ಪಯ್ಯ, ಅಮ್ಮ ಅದರಿಂದೇನೂ ಮಾತಾಡಲು ಶುರು ಮಾಡಲಿಲ್ಲ. ಫೋನು ಬೆಂಗಳೂರಿನ ತಮ್ಮನಿಗೆ ಹೋಗತೊಡಗಿತು. ಮೂಲೆ ಒಂದು ಖಾಲಿಯಾದರೆ ತ್ರಿಕೋನ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತದೆ. ತಮ್ಮ ಮೊದಲು ಅಕ್ಕನ ಮೇಲೆ ಕೂಗಾಡಿದ, "ನಿನ್ನ ಕೌನ್ಸೆಲಿಂಗ್ ಮೇಡಂಗೆ ಹೇಳು" ಅಂದ. "ನೀನೇ ಹೇಳು, ನಂಬರ್ ಕೊಡ್ತೀನಿ" ಅಂದರಂತೆ ಟೀಚರ್. ಆಫೀಸಿನ ಮೀಟಿಂಗ್ ನಡುವೆ ಬಿಸಿನೀರು ಕಾದ ಸುದ್ದಿ ದಾಟಿಸಿ ದಾಟಿಸಿ ಬೇಸತ್ತು, ಅವನು ಮನೆಗೆ ವೈಫೈ ಹಾಕಿಸಿ ಅಪ್ಪಯ್ಯನಿಗೂ ಒಂದು ಮೊಬೈಲ್ ಕೊಡಿಸಿದ. ಈಗ ಅಮ್ಮ ಅಡಿಗೆಮನೆಯಿಂದಲೇ ಅಪ್ಪಯ್ಯನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಕಾಫಿ ಆಯ್ತು ಅಂತ ಅರ್ಥ. ಅಪ್ಪಯ್ಯ ಎದ್ದು ಒಳಗೆ ಹೋಗುತ್ತಾರೆ.

ಟೀಚರ್ ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಿದ್ದೆ ಬರುತ್ತಿದೆ. ಹೊಟ್ಟೆಯ ಮಾತ್ರೆ ದಿನವೂ ಬೇಕಾಗುವುದಿಲ್ಲ, ಪರೀಕ್ಷೆ ಮತ್ತು ಹಬ್ಬದ ದಿನಗಳಲ್ಲಿ ಬೇಕು. ಗಂಡನ ದೂರು ಬೇರೆ: "ಮೊದಲು ಇವಳು ಏನೂ ಹೇಳ್ತಿರ್ಲಿಲ್ಲ, ಈಗ ಎಲ್ಲಾ ಮುಖಕ್ಕೇ ಹೇಳ್ತಾಳೆ." ಹೆಡ್‌ಮಾಸ್ಟರ ವಿಷಯದಲ್ಲಿ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ಕಳೆದ ಸಲ ಬಂದಾಗ ಬಿಸಿಯೂಟದ ಲೆಕ್ಕದ ತಕರಾರೊಂದರಲ್ಲಿ ಮತ್ತೆ ಇಬ್ಬರ ನಡುವೆ ಹೋಗಿ ನಿಂತಿದ್ದರು. ಅದರ ಮೇಲೆ ಕೆಲಸ ನಡೆಯುತ್ತಿದೆ.